ಆಲಸ್ಯವೋ ವ್ಯಾಧಿಯೋ?

ಸೂರ್ಯೋದಯವಾಗಿ ನಾಲ್ಕು ಗಳಿಗೆ ಕಳೆದರೂ ಹಾಸಿಗೆಯನ್ನು ಬಿಟ್ಟೇಳದ ಮನುಷ್ಯನನ್ನು ಲೋಕವು ಸೋಮಾರಿಯೆಂದು ಕರೆಯುತ್ತದೆ. ಕಾಣತಕ್ಕ ಕಾರಣವೊಂದೂ ಇಲ್ಲದೆ ಮುಖವನ್ನು ಬಾಡಿಸಿಕೊಂಡು, ಮಾಡತಕ್ಕ ಕೆಲಸವನ್ನು ಮಾಡಲಾರದೆ, ಆಡತಕ್ಕ ಮಾತನ್ನು ಆಡಲಾರದೆ ಮೂಲೆಯಲ್ಲಿ ಕುಳಿತವನನ್ನು ಅದೇ ಲೋಕವು ಮನೋದಾರ್ಢ್ಯವಿಲ್ಲದವನೆಂದು ಹೀಗಳೆಯುತ್ತದೆ. ಈ ಎರಡು ಮಾತುಗಳೂ ಪ್ರತಿಯೊಂದು ಮನೆಯಲ್ಲಿಯೂ ಒಂದಲ್ಲ ಒಂದು ದಿನ ಕೇಳಿಬಂದಿರತಕ್ಕವು. ತಾಯಿ ಮಗನಿಗೂ, ಉಪಾಧ್ಯಾಯನು ಶಿಷ್ಯನಿಗೂ, ಯಜಮಾನನು ಆಳಿಗೂ, ಕೆಲವು ವೇಳೆ ಮನುಷ್ಯನು ತನಗೆ ತಾನೇ ಆಡಿಕೊಳ್ಳುವ ಮಾತುಗಳಿವು. ಇವುಗಳಲ್ಲಿ ಕೊನೆಯದೇ ಅತ್ಯಂತ ಕ್ರೂರವಾದುದು. ಪರರು ಮಾಡುವ ನಿಂದೆಗೆ ಕಿವಿಯನ್ನು ಮುಚ್ಚಿಕೊಳ್ಳಬಹುದು. ತಾನೇ ಮಾಡಿಕೊಳ್ಳುವ ನಿಂದೆಗೆ ಯಾವ ಕಿವಿಯನ್ನು ಮುಚ್ಚಬೇಕು?

ಇಂತಹ ನಿಂದೆಗೆ ಶಾಸ್ತ್ರದ ಬೆಂಬಲವಿದೆಯೆಂದು ಮೇಲ್ನೋಟಕ್ಕೆ ತೋರುವುದುಂಟು. ಪ್ರಮಾದ, ಆಲಸ್ಯ, ನಿದ್ರೆ ಎಂಬ ಈ ಮೂರು ತಮೋಗುಣವು ದೇಹಿಯನ್ನು ಕಟ್ಟುವ ಹಗ್ಗಗಳೆಂದು ಭಗವದ್ಗೀತೆಯ ಹದಿನಾಲ್ಕನೆಯ ಅಧ್ಯಾಯವು ಹೇಳುತ್ತದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳತಕ್ಕದ್ದೆಂಬ ವಿಧಿಯಿಂದಲೇ ವಾಗ್ಭಟನು ದಿನಚರ್ಯೆಯ ಪ್ರಕರಣವನ್ನು ಆರಂಭಿಸುತ್ತಾನೆ. ಏಳದವನು ವಿಧಿಯನ್ನು ಮೀರಿದವನು, ಮೀರಿದವನು ದೋಷಿ ಎಂದು ತರ್ಕವು ಸಲೀಸಾಗಿ ಮುಂದುವರಿಯುತ್ತದೆ. ಆದರೆ ಈ ತರ್ಕದ ನಡುವೆ ಹೇಳದೆ ಬಿಟ್ಟ ಒಂದು ಮಾತಿದೆ. ಏಳುವ ಶಕ್ತಿ ಅವನಲ್ಲಿ ಇತ್ತು, ಇಚ್ಛೆ ಮಾತ್ರ ಇರಲಿಲ್ಲ ಎಂಬುದೇ ಆ ಮಾತು. ಕನ್ನಡಕ್ಕೆ ಇಲ್ಲೊಂದು ಸೂಕ್ಷ್ಮವಾದ ವಿವೇಕವುಂಟು. ‘ಏಳಲೊಲ್ಲನು’ ಎಂಬುದೊಂದು, ‘ಏಳಲಾರನು’ ಎಂಬುದಿನ್ನೊಂದು. ಮೊದಲನೆಯದರಲ್ಲಿ ಮನಸ್ಸಿಲ್ಲ, ಎರಡನೆಯದರಲ್ಲಿ ಬಲವಿಲ್ಲ. ನಿಂದೆಯು ಒಲ್ಲದವನಿಗೆ ಸಲ್ಲುತ್ತದೆಯೇ ಹೊರತು ಆರದವನಿಗೆ ಸಲ್ಲುವುದಿಲ್ಲ. ಕ್ರಿಯೆಯಲ್ಲಿ ಸ್ವತಂತ್ರನಾದವನನ್ನೇ ಕರ್ತೃವೆಂದು ವೈಯಾಕರಣರು ಕರೆದಿರುವಾಗ, ಸ್ವಾತಂತ್ರ್ಯವೆಷ್ಟಿತ್ತೆಂದು ವಿಚಾರಿಸದೆ ಕರ್ತೃವಿನ ಮೇಲೆ ದೋಷವನ್ನು ಹೊರಿಸುವುದು ನ್ಯಾಯವಾಗಲಾರದು.

ಹಾಗಾದರೆ ನಿದ್ರೆ, ಎಚ್ಚರ, ಮನಸ್ಸಿನ ಉಲ್ಲಾಸ ಮತ್ತು ಕುಗ್ಗುವಿಕೆ ಇವುಗಳಲ್ಲಿ ಮನುಷ್ಯನ ಸ್ವಾತಂತ್ರ್ಯವೆಷ್ಟು? ದೇಹದೊಳಗಿನ ಕಾಲಗತಿಯನ್ನೂ ಬೆಳಕಿನ ಪ್ರಭಾವವನ್ನೂ ಕುರಿತು ಮೂರು ಶತಮಾನಗಳಿಂದ ನಡೆದುಬಂದ ಶೋಧನೆಯು ಈ ಪ್ರಶ್ನೆಗೆ ಹೊಸ ಸಾಕ್ಷ್ಯವನ್ನು ಒದಗಿಸಿದೆ. ಮೊದಲು ಆ ಸಾಕ್ಷ್ಯವನ್ನು ನೋಡಿ, ಅನಂತರ ಹೊಣೆಯ ವಿಚಾರಕ್ಕೆ ಬರುವುದು ಉಚಿತ.

1729ರಲ್ಲಿ ಫ್ರಾನ್ಸ್ ದೇಶದ ಖಗೋಳಜ್ಞನಾದ ಡಿ ಮೈರಾನನು ಹಗಲಿನಲ್ಲಿ ಎಲೆಗಳನ್ನು ಬಿಚ್ಚಿ ರಾತ್ರಿಯಲ್ಲಿ ಮುಚ್ಚುವ, ಮುಟ್ಟಿದರೆ ಮುನಿಯ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ಪರೀಕ್ಷಿಸಿದ ಸಂಗತಿಯು ಪ್ಯಾರಿಸಿನ ವಿಜ್ಞಾನ ಪರಿಷತ್ತಿನಲ್ಲಿ ನಿವೇದಿತವಾಯಿತು. ಸೂರ್ಯನನ್ನು ಕಾಣದಿದ್ದರೂ ಆ ಗಿಡವು ಹಗಲಾಗುವ ಹೊತ್ತಿಗೆ ಎಲೆಗಳನ್ನು ಬಿಚ್ಚುತ್ತಲೇ ಇತ್ತು. ಸುಮಾರು ಒಂದು ಶತಮಾನದ ಮೇಲೆ, 1832ರಲ್ಲಿ, ಡಿ ಕ್ಯಾಂಡೋಲನೆಂಬ ಸಸ್ಯಶಾಸ್ತ್ರಜ್ಞನು ಮತ್ತೊಂದು ವಿಶೇಷವನ್ನು ಪ್ರಕಟಿಸಿದನು. ಹಗಲು ರಾತ್ರಿಗಳ ಭೇದ ತಿಳಿಯದಂತೆ ಇಟ್ಟ ಅಂತಹ ಗಿಡದ ‘ದಿನ’ವು 24 ಗಂಟೆಗಳದಾಗಿರದೆ 22-23 ಗಂಟೆಗಳದಾಗಿತ್ತು. ಹೊರಗಿನ ಸೂರ್ಯನನ್ನು ಕದ್ದು ನೋಡಿ ಗಿಡವು ನಡೆದುಕೊಳ್ಳುತ್ತಿದ್ದರೆ ಅದರ ದಿನವು ಸೂರ್ಯನ ದಿನಕ್ಕೆ ಸಮನಾಗಿರಬೇಕಾಗಿತ್ತು. ಸಮನಾಗಿಲ್ಲವಾದ್ದರಿಂದ ಗಡಿಯಾರವು ಗಿಡದೊಳಗೇ ಇದೆಯೆಂದೂ, ಸೂರ್ಯನು ಅದನ್ನು ನಡೆಸುವವನಲ್ಲ, ದಿನದಿನವೂ ತಿದ್ದುವವನೆಂದೂ ಸಿದ್ಧವಾಯಿತು.

ಮನುಷ್ಯನಲ್ಲಿಯೂ ಇದೇ ವ್ಯವಸ್ಥೆಯುಂಟು. 1962ರ ಜುಲೈ 16ರಂದು ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ತರುಣನು ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಒಂದು ಗವಿಯನ್ನು ಹೊಕ್ಕನು. ಸೆಪ್ಟೆಂಬರ್ 14ರಂದು ಅವನನ್ನು ಹೊರಗೆ ಕರೆದಾಗ ಅವನ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20 ಆಗಿತ್ತು. ಇಪ್ಪತ್ತೈದು ದಿನಗಳು ಅವನ ಬುದ್ಧಿಗೆ ತಿಳಿಯದಂತೆ ಜಾರಿಹೋಗಿದ್ದವು. ಆದರೆ ಬುದ್ಧಿ ತಪ್ಪಿದ ಲೆಕ್ಕವನ್ನು ದೇಹವು ಬಹುಮಟ್ಟಿಗೆ ಕಾಪಾಡಿಕೊಂಡಿತ್ತು. ಅವನ ನಿದ್ರೆ ಎಚ್ಚರಗಳ ಸರದಿಯು 24 ಗಂಟೆಗಳಿಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ನಡೆದೇ ಇತ್ತು. 1999ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಚೈಸ್ಲರ್ ಮತ್ತು ಸಂಗಡಿಗರು ಸೂಕ್ಷ್ಮವಾಗಿ ಅಳೆದು, ಮನುಷ್ಯನ ಒಳಗಿನ ದಿನವು ಸರಾಸರಿ 24 ಗಂಟೆ 11 ನಿಮಿಷಗಳೆಂದು ಕಂಡುಕೊಂಡರು. ಎಲ್ಲರಲ್ಲಿಯೂ ಇದು ಒಂದೇ ಅಲ್ಲ; ಒಬ್ಬನದು ಸ್ವಲ್ಪ ಗಿಡ್ಡ, ಒಬ್ಬನದು ಸ್ವಲ್ಪ ಉದ್ದ. ದಿನಕ್ಕೆ ಕೆಲವೇ ನಿಮಿಷಗಳ ಈ ಅಂತರವನ್ನು ಬೆಳಗಿನ ಬೆಳಕು ತಿದ್ದದೆ ಹೋದರೆ, ತಿಂಗಳು ಕಳೆಯುವಷ್ಟರಲ್ಲಿ ಒಳಗಿನ ದಿನವು ಹೊರಗಿನ ದಿನದಿಂದ ಗಂಟೆಗಟ್ಟಲೆ ಹಿಂದೆ ಬೀಳುತ್ತದೆ. ಕಣ್ಣಿಗೆ ಬೆಳಕಿನ ಅರಿವೇ ಇಲ್ಲದ ಅನೇಕ ಅಂಧರಲ್ಲಿ ನಿದ್ರೆಯು ವಾರದಿಂದ ವಾರಕ್ಕೆ ಸರಿದು, ಕೆಲವು ಕಾಲ ರಾತ್ರಿಯಲ್ಲಿಯೂ ಕೆಲವು ಕಾಲ ಹಗಲಿನಲ್ಲಿಯೂ ಬೀಳುವುದು ಇದೇ ಕಾರಣದಿಂದ.

ಈ ಗಡಿಯಾರದ ನೆಲೆ ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳಿಂದ ಬರುವ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲ್ಗಡೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಒಂದು ಜೋಡಿ ಗಂಟು. ಇಲಿಗಳಲ್ಲಿ ಆ ಗಂಟನ್ನು ನಾಶಮಾಡಿದರೆ ದಿನದ ಲಯವೆಲ್ಲ ಕೆಡುವುದೆಂದು 1972ರಲ್ಲಿ ತಿಳಿದುಬಂತು. ಅದಕ್ಕೆ ಬೆಳಕಿನ ವಾರ್ತೆಯನ್ನು ಮುಟ್ಟಿಸುವುದರಲ್ಲಿ ಮುಖ್ಯವಾದವು ರೂಪಗಳನ್ನು ಕಾಣುವ ಕೋಶಗಳಲ್ಲ. ಅಕ್ಷಿಪಟದಲ್ಲಿ ಬೆಳಕಿನ ಪ್ರಮಾಣವನ್ನು ಮಾತ್ರ ಅಳೆಯುವ ಬೇರೊಂದು ಜಾತಿಯ ಕೋಶಗಳು. ಅವು ನೀಲಿಬಣ್ಣದ ಬೆಳಕಿಗೆ ಹೆಚ್ಚಾಗಿ ಎಚ್ಚರಗೊಳ್ಳುತ್ತವೆ. ಅವುಗಳ ಕಾರ್ಯವು 2002ರಲ್ಲಿ ಸ್ಪಷ್ಟಪಟ್ಟಿತು. ಕೋಶಗಳೊಳಗೆ ಈ ಗಡಿಯಾರವು ಹೇಗೆ ನಡೆಯುತ್ತದೆಂಬುದನ್ನು ಹಣ್ಣಿನ ನೊಣಗಳಲ್ಲಿ ಶೋಧಿಸಿದ ಹಾಲ್, ರೋಸ್ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನವು ಬಂದಿತು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ನೂಕುತ್ತದೆ; ರಾತ್ರಿಯ ಮೊದಲ ಯಾಮದ ಬೆಳಕು ಅದನ್ನು ಹಿಂದಕ್ಕೆ ಎಳೆಯುತ್ತದೆ. ರಾತ್ರಿಯಲ್ಲಿ ದೀಪದ ಮುಂದೆ ಬಹಳ ಹೊತ್ತು ಕುಳಿತು ಬೆಳಿಗ್ಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿರುವವನು ತನ್ನ ಗಡಿಯಾರವನ್ನು ಎರಡು ಕೈಗಳಿಂದಲೂ ಹಿಂದಕ್ಕೆಳೆದಂತೆ ಆಗುತ್ತದೆ.

ನಿದ್ರೆಯ ಮಾತಾಯಿತು, ಮನಸ್ಸಿನ ಮಾತೇನು? 1898ರಲ್ಲಿ ಬೆಲ್ಜಿಕಾ ಎಂಬ ಶೋಧನೌಕೆಯು ದಕ್ಷಿಣಧ್ರುವದ ಸಮುದ್ರದಲ್ಲಿ ಹಿಮದ ನಡುವೆ ಸಿಕ್ಕಿಬಿದ್ದಿತು. ಮೇ ತಿಂಗಳ ಮಧ್ಯದಲ್ಲಿ ಮುಳುಗಿದ ಸೂರ್ಯನು ಜುಲೈ ತಿಂಗಳ ಉತ್ತರಾರ್ಧದವರೆಗೆ ಮತ್ತೆ ಕಾಣಲಿಲ್ಲ. ಸಾಹಸಿಗಳೆಂದು ಆಯ್ದು ತಂದ ನಾವಿಕರು ದಿನದಿನಕ್ಕೆ ಮಂಕಾದರು. ಊಟ ಸೇರದು, ನಿದ್ರೆ ಹತ್ತದು, ಮಾತು ಬೇಡ. ಕೆಲವರ ಬುದ್ಧಿಯೂ ಕದಲಿತು. ನೌಕೆಯ ವೈದ್ಯನಾದ ಫ್ರೆಡರಿಕ್ ಕುಕ್ ಅವರನ್ನು ಹೇಡಿಗಳೆಂದು ಗದರಿಸಲಿಲ್ಲ, ಧೈರ್ಯೋಪದೇಶವನ್ನು ಮಾತ್ರ ಮಾಡಿ ಸುಮ್ಮನಾಗಲೂ ಇಲ್ಲ. ಹಸಿಮಾಂಸವನ್ನು ತಿನ್ನಿಸಿ, ರೋಗಿಗಳನ್ನು ಉರಿಯುವ ಬೆಂಕಿಯ ಬೆಳಕು ಕಾವುಗಳ ಮುಂದೆ ಕೂಡಿಸಿದನು. ಅವರ ವ್ಯಾಧಿಯಲ್ಲಿ ಆಹಾರದೋಷದ ಪಾಲೂ ದೊಡ್ಡದಾಗಿದ್ದುದರಿಂದ, ಗುಣವಾದುದಕ್ಕೆ ಬೆಂಕಿಯೊಂದೇ ಕಾರಣವೆನ್ನುವಂತಿಲ್ಲ. ಆದರೂ ಕುಗ್ಗಿದ ಮನಸ್ಸಿಗೆ ಬೆಳಕಿನ ಅಭಾವವೂ ಒಂದು ಕಾರಣವೆಂದು ಬಗೆದು, ಬೈಗುಳದ ಬದಲು ಬೆಳಕನ್ನು ಕೊಟ್ಟ ಆ ವೈದ್ಯನ ನಡತೆಯು ನೆನೆಯತಕ್ಕದ್ದಾಗಿದೆ.

ಸುಮಾರು ಎಂಬತ್ತು ವರ್ಷಗಳ ಮೇಲೆ ಈ ಊಹೆಯು ಶಾಸ್ತ್ರದ ಕಟ್ಟಿಗೆ ಬಂದಿತು. 1980ರಲ್ಲಿ ಆಲ್‌ಫ್ರೆಡ್ ಲೂಯಿ ಮತ್ತು ಸಂಗಡಿಗರು, ರಾತ್ರಿಯಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ರಸವನ್ನು ಪ್ರಖರವಾದ ಬೆಳಕು ಮನುಷ್ಯನಲ್ಲಿಯೂ ತಡೆಯುತ್ತದೆಂದು ತೋರಿಸಿಕೊಟ್ಟರು. ಅದೇ ಕಾಲದಲ್ಲಿ, ವೃತ್ತಿಯಿಂದ ಎಂಜಿನಿಯರನಾದ ಒಬ್ಬ ರೋಗಿಯು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳ ಬಳಿಗೆ ಬಂದನು. ಪ್ರತಿವರ್ಷವೂ ಚಳಿಗಾಲದಲ್ಲಿ ತನ್ನ ಮನಸ್ಸು ಕುಗ್ಗುವುದನ್ನೂ ವಸಂತದಲ್ಲಿ ಚಿಗುರುವುದನ್ನೂ ಅವನು ವರ್ಷಗಟ್ಟಲೆ ಪುಸ್ತಕದಲ್ಲಿ ಗುರುತು ಹಾಕಿಟ್ಟಿದ್ದನು. ಚಳಿಗಾಲದಲ್ಲಿ ಅವನನ್ನು ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಪ್ರಖರ ದೀಪಗಳ ಮುಂದೆ ಕೂಡಿಸಿ ಹಗಲನ್ನು ಕೃತಕವಾಗಿ ಉದ್ದಮಾಡಲು, ಕೆಲವೇ ದಿನಗಳಲ್ಲಿ ಅವನ ಮನಸ್ಸು ಮೇಲೆದ್ದಿತು. 1984ರಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಇಂತಹ 29 ರೋಗಿಗಳನ್ನು ವಿವರಿಸಿ, ಋತುವಿಗನುಗುಣವಾದ ಖಿನ್ನತೆಗೆ ಒಂದು ಹೆಸರನ್ನು ಕೊಟ್ಟರು. ರೋಸೆಂತಾಲನು ಸ್ವತಃ ಬಿಸಿಲಿನ ನಾಡಾದ ದಕ್ಷಿಣ ಆಫ್ರಿಕದಿಂದ ನ್ಯೂಯಾರ್ಕಿಗೆ ಬಂದು, ಅಲ್ಲಿಯ ಚಳಿಗಾಲದಲ್ಲಿ ತನ್ನ ಚೈತನ್ಯವು ಕುಂದುವುದನ್ನು ಅನುಭವಿಸಿದವನು.

ಈಗ ರೂಢಿಯಲ್ಲಿರುವ ಚಿಕಿತ್ಸೆಯೆಂದರೆ, ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನೊಳಗೆ 10,000 ಲಕ್ಸ್ ಪ್ರಮಾಣದ ಬೆಳಕಿನ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳುವುದು. ಸಾಮಾನ್ಯವಾದ ಮನೆಯೊಳಗೆ ರಾತ್ರಿಯ ದೀಪವು ಕೊಡುವ ಬೆಳಕು ನೂರಿನ್ನೂರು ಲಕ್ಸ್ ಮಾತ್ರ. ಬಯಲಿನ ನಡುಹಗಲ ಬಿಸಿಲು ಒಂದು ಲಕ್ಷದ ಸಮೀಪಕ್ಕೆ ಹೋಗುತ್ತದೆ. ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರವು ಅರಿವಿಗೆ ಬಾರದು. 2016ರಲ್ಲಿ ಪ್ರಕಟವಾದ ಕೆನಡ ದೇಶದ ಒಂದು ಪರೀಕ್ಷೆಯಲ್ಲಿ, ಋತುವಿಗೆ ಸಂಬಂಧಪಡದ ಖಿನ್ನತೆಯಿಂದ ನರಳುತ್ತಿದ್ದ 122 ಮಂದಿಯನ್ನು ಎಂಟು ವಾರಗಳ ಕಾಲ ನೋಡಲಾಗಿ, ಬೆಳಕನ್ನು ಪಡೆದವರೂ, ಬೆಳಕು ಮತ್ತು ಔಷಧ ಎರಡನ್ನೂ ಪಡೆದವರೂ, ಹುಸಿಯಂತ್ರ ಮತ್ತು ಹುಸಿಗುಳಿಗೆಗಳನ್ನು ಪಡೆದವರಿಗಿಂತ ಹೆಚ್ಚಾಗಿ ಸುಧಾರಿಸಿದರು. ಇಟಲಿಯ ಮಿಲಾನ್ ನಗರದ ಆಸ್ಪತ್ರೆಯೊಂದರ ಲೆಕ್ಕವು 2001ರಲ್ಲಿ ಹೊರಬಂದಿತು. ಉನ್ಮಾದ ಖಿನ್ನತೆಗಳು ಸರದಿಯಾಗಿ ಬರುವ ವ್ಯಾಧಿಯುಳ್ಳವರು ಖಿನ್ನರಾಗಿ ಬಂದಾಗ, ಪೂರ್ವದ ಕಿಟಕಿಯ ಕೋಣೆಗಳಲ್ಲಿದ್ದವರು ಪಶ್ಚಿಮದ ಕೋಣೆಗಳಲ್ಲಿದ್ದವರಿಗಿಂತ ಸರಾಸರಿ ಮೂರುವರೆ ದಿನಗಳಿಗೂ ಹೆಚ್ಚು ಮುಂಚಿತವಾಗಿ ಮನೆಗೆ ಹೋದರು. ಯಾರಿಗೆ ಯಾವ ಕಿಟಕಿಯೆಂಬುದು ಅವರ ಶೀಲವನ್ನು ನೋಡಿ ಕೊಟ್ಟುದಲ್ಲ.

ಇಲ್ಲಿಗೆ ಹೊಣೆಯ ಪ್ರಶ್ನೆಯು ಎದುರಿಗೆ ಬರುತ್ತದೆ. ಕಿಟಕಿಯ ದಿಕ್ಕು ಬದಲಾದರೆ ಮನಸ್ಸಿನ ಸ್ಥಿತಿ ಬದಲಾಗುವುದಾದರೆ, ಅದುವರೆಗೆ ‘ಒಲ್ಲನು’ ಎಂದು ಬಗೆದದ್ದರಲ್ಲಿ ಎಷ್ಟೋ ಭಾಗವು ‘ಆರನು’ ಆಗಿತ್ತೆಂದು ಒಪ್ಪಲೇಬೇಕಾಗುತ್ತದೆ. ಇದನ್ನು ಒಪ್ಪುವುದಕ್ಕೆ ಅಡ್ಡಬರುವ ಆಕ್ಷೇಪಗಳು ಮುಖ್ಯವಾಗಿ ಮೂರು. ಅವು ಮೂರೂ ತಳ್ಳಿಹಾಕತಕ್ಕವುಗಳಲ್ಲ, ವಿಚಾರಿಸತಕ್ಕವು.

ಮೊದಲನೆಯ ಆಕ್ಷೇಪವು ಇದು: ದೀಪದಿಂದ ಕಳೆಯುವ ದುಃಖವು ದುಃಖವೇ ಅಲ್ಲ, ಹಾಗೆಂದು ಒಪ್ಪಿದರೆ ಪುತ್ರಶೋಕವೂ ಪಶ್ಚಾತ್ತಾಪವೂ ದೀಪದ ಕೊರತೆಗಳಾಗಿ, ಮನುಷ್ಯನ ಅಂತರಂಗಕ್ಕೆ ಬೆಲೆಯೇ ಉಳಿಯುವುದಿಲ್ಲ. ಇದಕ್ಕೆ ಸಮಾಧಾನವೆಂದರೆ, ದುಃಖದ ನಿಮಿತ್ತವು ಬೇರೆ, ದುಃಖದ ವಿಷಯವು ಬೇರೆ. ಅರ್ಜುನನ ವಿಷಾದಕ್ಕೆ ವಿಷಯವಿತ್ತು; ಎದುರಿಗೆ ನಿಂತ ಗುರುಗಳೂ ಬಂಧುಗಳೂ ಅದರ ವಿಷಯ. ಆದುದರಿಂದಲೇ ಅದಕ್ಕೆ ಉಪದೇಶವು ಮದ್ದಾಯಿತು. ಮಗನನ್ನು ಕಳೆದುಕೊಂಡ ತಾಯಿಯ ಶೋಕಕ್ಕೂ ವಿಷಯವಿದೆ; ಆಕೆಯ ಮುಂದೆ ದೀಪವನ್ನಿಟ್ಟು ಹೋಗುವವನು ಮೂಢನು. ಆದರೆ ವಿಷಯವೇ ಇಲ್ಲದ ವಿಷಾದವೂ ಒಂದುಂಟು. ಅದು ಮೊದಲು ದೇಹದಲ್ಲಿ ಹುಟ್ಟಿ, ಅನಂತರ ತನಗೊಂದು ವಿಷಯವನ್ನು ಹುಡುಕಿಕೊಳ್ಳುತ್ತದೆ. ಹಳೆಯ ತಪ್ಪು, ಇಲ್ಲದ ಅವಮಾನ, ಬಾರದ ಬಡತನ, ಯಾವುದು ಸಿಕ್ಕಿದರೂ ಅದನ್ನೇ ಹಿಡಿದುಕೊಳ್ಳುತ್ತದೆ. ಅಂತಹವನಿಗೆ ಯುಕ್ತಿಗಳನ್ನು ಹೇಳಿ ಒಂದು ವಿಷಯವನ್ನು ಬಿಡಿಸಿದರೆ ಅವನ ಮನಸ್ಸು ಮತ್ತೊಂದನ್ನು ಹಿಡಿಯುತ್ತದೆ. ವಿಷಯವುಳ್ಳ ಶೋಕಕ್ಕೆ ದೀಪವನ್ನೂ, ವಿಷಯವಿಲ್ಲದ ಖಿನ್ನತೆಗೆ ಉಪದೇಶವನ್ನು ಮಾತ್ರವೂ ಕೊಡುವುದು ಎರಡೂ ಒಂದೇ ಬಗೆಯ ಅವಿವೇಕ. ಎರಡೂ ಬೆರೆತಿರುವುದೇ ಹೆಚ್ಚು. ಆಗ ಎರಡು ಉಪಚಾರಗಳೂ ಬೇಕು.

ಎರಡನೆಯ ಆಕ್ಷೇಪವು ಇನ್ನೂ ಪ್ರಬಲವಾದುದು: ಹೊಣೆಯನ್ನೆಲ್ಲ ಗಡಿಯಾರದ ಮೇಲೆ ಹಾಕಿದರೆ ಸೋಮಾರಿಗಳಿಗೆಲ್ಲ ಒಂದು ನೆಪ ಸಿಕ್ಕಿದಂತಾಗುತ್ತದೆ; ಧರ್ಮಾಧರ್ಮಗಳ ಕಟ್ಟು ಸಡಿಲುತ್ತದೆ. ಇದಕ್ಕೆ ಉತ್ತರವು ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿಯೇ ದೊರೆಯುತ್ತದೆ. ಕರ್ಮವು ಸಿದ್ಧಿಸುವುದಕ್ಕೆ ಅಲ್ಲಿ ಐದು ಕಾರಣಗಳನ್ನು ಎಣಿಸಿದೆ: ಅಧಿಷ್ಠಾನವಾದ ದೇಹ, ಕರ್ತೃ, ಕರಣಗಳು, ನಾನಾ ವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿರುವಲ್ಲಿ ತನ್ನೊಬ್ಬನನ್ನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣುವವನಲ್ಲವೆಂದು ಅಲ್ಲಿಯೇ ಹೇಳಿದೆ. ಏಳುವುದೆಂಬ ಅಲ್ಪಕರ್ಮಕ್ಕೂ ಈ ಐದೂ ಬೇಕು. ಲೋಕದ ನಿಂದೆಯು ಐದರಲ್ಲಿ ಒಂದನ್ನು ಮಾತ್ರ ಹಿಡಿದು ನಾಲ್ಕನ್ನು ಮರೆಯುತ್ತದೆ. ಸೋಮಾರಿಯ ನೆಪವು ನಾಲ್ಕನ್ನು ಹಿಡಿದು ಆ ಒಂದನ್ನು ಮರೆಯುತ್ತದೆ. ಐದನ್ನೂ ಎಣಿಸಿದವನಿಗೆ ಕರ್ತೃವಿನ ಪಾಲು ಕಿರಿದಾಗಿ ಕಂಡರೂ ಇಲ್ಲವಾಗುವುದಿಲ್ಲ. ಅಷ್ಟೇ ಅಲ್ಲ, ಕಾರಣವನ್ನು ತಿಳಿದ ಮೇಲೆ ಆ ಪಾಲು ಬೆಳೆಯುತ್ತದೆ. ರಾತ್ರಿಯ ಬೆಳಕು ತನ್ನ ನಾಳಿನ ಬೆಳಗನ್ನು ಕೆಡಿಸುವುದೆಂದು ಅರಿಯದವನು ನಿರ್ದೋಷಿ. ಅರಿತೂ, ಬೇರೆ ಅಗತ್ಯವಿಲ್ಲದೆ, ನಡುರಾತ್ರಿಯವರೆಗೆ ಕೈಯಲ್ಲಿ ಹಿಡಿದ ಯಂತ್ರದ ಹೊಳೆಯುವ ತೆರೆಯನ್ನು ನೋಡುತ್ತ ಮಲಗಿರುವವನು ಬೆಳಿಗ್ಗೆ ‘ಏಳಲಾರೆ’ ಎಂದಾಗ, ಆ ‘ಲಾರೆ’ಯೊಳಗೆ ನಿನ್ನೆಯ ಒಂದು ‘ಒಲ್ಲೆ’ ಅಡಗಿರುತ್ತದೆ.

ಆದರೆ ನಿಜವಾಗಿ ಖಿನ್ನನಾದವನ ವಿಷಯದಲ್ಲಿ ಇದನ್ನೂ ಎಚ್ಚರಿಕೆಯಿಂದ ಹೇಳಬೇಕು. ಉಪಾಯವನ್ನು ತಿಳಿದಿದ್ದರೂ ಅದನ್ನು ಆಚರಿಸುವ ಶಕ್ತಿಯನ್ನೇ ಆ ವ್ಯಾಧಿಯು ಮೊದಲು ಕದಿಯುತ್ತದೆ. ಬಾವಿಯಲ್ಲಿ ಬಿದ್ದವನಿಗೆ ಹಗ್ಗವು ಮನೆಯಲ್ಲಿದೆಯೆಂದು ಹೇಳಿದರೆ ಏನು ಫಲ? ಅಲ್ಲಿ ಕರ್ತವ್ಯವು ಅವನಿಂದ ಅವನ ಮಗ್ಗುಲಲ್ಲಿರುವವರಿಗೆ ವರ್ಗವಾಗುತ್ತದೆ. ದಕ್ಷಿಣಭಾರತದ ಒಂದು ಶೋಧನೆಯು ಇದಕ್ಕೆ ಸುಂದರವಾದ ದೃಷ್ಟಾಂತವನ್ನು ಕೊಡುತ್ತದೆ. ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ದುಡಿದ ಎಂ. ಕೆ. ಚಂದ್ರಶೇಖರನ್ ಅವರು ಅದಕ್ಕೆ ಮುಂಚೆ ಮಧುರೆಯ ಕಾಮರಾಜ ವಿಶ್ವವಿದ್ಯಾಲಯದಲ್ಲಿದ್ದಾಗ, ಸಂಗಡಿಗರೊಡನೆ ಗವಿಯ ಬಾವಲಿಗಳನ್ನು ಪರೀಕ್ಷಿಸಿ 1981ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗವಿಯ ಒಳಗತ್ತಲೆಯಲ್ಲಿ ಪಂಜರದಲ್ಲಿಟ್ಟ ಬಾವಲಿಯು ಸೂರ್ಯಾಸ್ತವನ್ನು ಕಾಣಲಾರದು. ಆದರೂ ಸುತ್ತಲೂ ತನ್ನ ಬಳಗವು ಪ್ರತಿಸಂಜೆ ಎದ್ದು ಹೊರಕ್ಕೆ ಹಾರುತ್ತಿರುವವರೆಗೆ ಅದರ ಗಡಿಯಾರವು ಹೊರಗಿನ ದಿನಕ್ಕೆ ಹೊಂದಿಕೊಂಡೇ ಇತ್ತು. ಬಳಗವಿಲ್ಲದ ಗವಿಯಲ್ಲಿ ಒಂಟಿಯಾಗಿಟ್ಟಾಗ ಅದು ದಾರಿತಪ್ಪಿತು. ಮನುಷ್ಯನಿಗೆ ಬೆಳಕೇ ಮುಖ್ಯವಾದ ಕಾಲಸೂಚಕವೆಂಬುದು ನಿಜ. ಆದರೆ ಆ ಬೆಳಕಿನವರೆಗೆ ಕೈಹಿಡಿದು ನಡೆಸುವವರು ಮನೆಯ ಜನವೇ. ಕಿಟಕಿಯ ಪರದೆಯನ್ನು ಸರಿಸುವ ಹೆಂಡತಿ, ಅಂಗಳದವರೆಗೆ ಕರೆದೊಯ್ಯುವ ತಮ್ಮ, ನಸುಕಿನ ತಿರುಗಾಟಕ್ಕೆ ಬಾಗಿಲು ತಟ್ಟುವ ಗೆಳೆಯ, ಇವರು ಮಾಡುವ ಉಪಕಾರವು ಯಾವ ಉಪದೇಶಕ್ಕಿಂತಲೂ ಕಡಿಮೆಯಾದುದಲ್ಲ.

ಮೂರನೆಯ ಆಕ್ಷೇಪವು ಆಚಾರವಂತರದು: ಪ್ರಾಚೀನರು ನಸುಕಿನಲ್ಲಿ ಏಳುವ ವಿಧಿಯನ್ನು ಕೊಟ್ಟಿರುವಾಗ ಹೊಸ ಶೋಧನೆಯು ಹೇಳತಕ್ಕದ್ದೇನು? ಎಲ್ಲರೂ ಬೇಗ ಎದ್ದರೆ ಸಾಲದೆ? ವಿಧಿಯು ಒಳ್ಳೆಯದೇ, ಬೇಗ ಎದ್ದವನಿಗೆ ಬೆಳಗಿನ ಬೆಳಕು ತಪ್ಪದೆ ದೊರೆಯುತ್ತದೆ. ಹಾಗೆಂದು ಕೋಶಗಳ ಗಡಿಯಾರವೆಲ್ಲ ಪ್ರಾಚೀನರಿಗೆ ತಿಳಿದಿತ್ತೆಂದು ಸಾಧಿಸುವ ಶ್ರಮವು ವ್ಯರ್ಥ; ಅನುಭವದಿಂದ ಅವರು ಕಂಡುದನ್ನು ಅನುಭವವೆಂದೇ ಗೌರವಿಸಿದರೆ ಸಾಕು. ಗಮನಿಸತಕ್ಕ ಮತ್ತೊಂದು ಅಂಶವೆಂದರೆ, ವಾಗ್ಭಟನು ಈ ವಿಧಿಯನ್ನು ಹೇಳಿರುವುದು ಸ್ವಸ್ಥನಿಗೆ. ಅಸ್ವಸ್ಥನ ಮೇಲೆ ಅದನ್ನು ಕೋಲಿನಂತೆ ಬೀಸುವುದಕ್ಕೆ ಆ ವಾಕ್ಯದಲ್ಲಿ ಅಧಿಕಾರವಿಲ್ಲ. ಸ್ವಸ್ಥರಲ್ಲಿಯೂ ವಯಸ್ಸಿನಿಂದ ಭೇದವುಂಟು. ಹದಿಹರೆಯದಲ್ಲಿ ಗಡಿಯಾರವು ತಾನಾಗಿ ಹಿಂದಕ್ಕೆ ಸರಿದು, ರಾತ್ರಿಯ ನಿದ್ರೆಯೂ ಬೆಳಗಿನ ಎಚ್ಚರವೂ ತಡವಾಗುತ್ತವೆ. ಮುಪ್ಪಿನಲ್ಲಿ ಅದು ಮತ್ತೆ ಮುಂದಕ್ಕೆ ಬರುತ್ತದೆ. ಮುಂಜಾನೆ ನಾಲ್ಕಕ್ಕೆ ತಾನಾಗಿ ಎಚ್ಚರಗೊಂಡ ಅಜ್ಜನು ಏಳಲಾರದ ಮೊಮ್ಮಗನನ್ನು ಹಳಿಯುವಾಗ, ತನ್ನ ಮುಪ್ಪನ್ನೇ ತನ್ನ ಪುಣ್ಯವೆಂದು ಎಣಿಸುತ್ತಿರುವನು. ಇದನ್ನರಿತೇ ಅಮೆರಿಕದ ಮಕ್ಕಳ ವೈದ್ಯರ ಪರಿಷತ್ತು, ಹದಿಹರೆಯದವರ ಶಾಲೆಗಳು ಬೆಳಿಗ್ಗೆ ಎಂಟೂವರೆಗೆ ಮುಂಚೆ ಆರಂಭವಾಗಬಾರದೆಂದು 2014ರಲ್ಲಿ ಸಲಹೆಕೊಟ್ಟಿತು. ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಪ್ರೌಢಶಾಲೆಗಳಿಗೆ ಇಂತಹ ಕಾಯಿದೆಯೇ 2022ರಿಂದ ಜಾರಿಗೆ ಬಂದಿತು.

ಕನ್ನಡನಾಡಿಗೆ ಈ ವಿಚಾರವು ಹೇಗೆ ಸಂಬಂಧಿಸುತ್ತದೆಂದು ವಾಚಕರು ಕೇಳಬಹುದು. ಇಲ್ಲಿ ಧ್ರುವಪ್ರದೇಶದ ಕತ್ತಲೆಯಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಚಳಿಗಾಲದ ಅತಿ ಗಿಡ್ಡ ಹಗಲು ಸುಮಾರು ಆರು ಗಂಟೆಗಳದಾದರೆ, ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡದ ಹಗಲಿಗೂ ಇರುವ ಅಂತರವೇ ಒಂದೂವರೆ ಗಂಟೆ. ಸೂರ್ಯನು ಇಲ್ಲಿಯವರಿಗೆ ಏನನ್ನೂ ಕಡಿಮೆಮಾಡಿಲ್ಲ. ಕತ್ತಲೆಯನ್ನು ಇಲ್ಲಿ ಮನುಷ್ಯರೇ ಮನುಷ್ಯರಿಗೆ ಮಾಡಿಕೊಟ್ಟಿದ್ದಾರೆ. ನ್ಯೂಯಾರ್ಕಿನಲ್ಲಿ ಬೇಸಗೆಯ ಮಧ್ಯಾಹ್ನ ಹನ್ನೆರಡಾದಾಗ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ. ಆ ದೇಶದ ಹಗಲಿನ ವ್ಯವಹಾರಕ್ಕೆ ಉತ್ತರಕೊಡುವುದಕ್ಕಾಗಿ ಇಲ್ಲಿಯ ತರುಣ ತರುಣಿಯರು ರಾತ್ರಿಯೆಲ್ಲ ದೀಪದ ಕೆಳಗೆ ಕುಳಿತು, ಸೂರ್ಯನು ಏರುವ ಹೊತ್ತಿಗೆ ಮನೆಗೆ ಮರಳುತ್ತಾರೆ. ಆಸ್ಪತ್ರೆಯ ದಾದಿಯರು, ರೈಲಿನ ನೌಕರರು, ಕಾರ್ಖಾನೆಯ ಕೂಲಿಗಳು, ಕಾವಲುಗಾರರು ಇವರ ಪಾಡೂ ಹಾಗೆಯೇ. ದೇಹದ ಲಯವನ್ನು ಕೆಡಿಸುವ ಪಾಳಿಯ ಕೆಲಸವು ಬಹುಶಃ ಅರ್ಬುದರೋಗಕ್ಕೂ ಕಾರಣವಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಮಂಡಲಿಯು 2007ರಲ್ಲಿ ವರ್ಗೀಕರಿಸಿ, ರಾತ್ರಿಪಾಳಿಯ ವಿಷಯದಲ್ಲಿ ಅದನ್ನೇ 2019ರಲ್ಲಿ ಮತ್ತೆ ಸ್ಥಿರಪಡಿಸಿತು. ನಿದ್ರೆ ಮನಸ್ಸುಗಳಿಗೆ ತಗಲುವ ಹಾನಿಯಂತೂ ಪಾಳಿಯವರ ಮನೆಗಳಲ್ಲಿ ಎಲ್ಲರೂ ಕಂಡದ್ದೇ.

ರಾತ್ರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಬೇಕೇ ಬೇಕು. ಆದುದರಿಂದ ರಾತ್ರಿಯ ಕೆಲಸವನ್ನೆಲ್ಲ ನಿಲ್ಲಿಸೆಂದು ಹೇಳುವುದು ವಿವೇಕವಲ್ಲ. ಆದರೆ ಒಬ್ಬನ ಹಗಲನ್ನು ಮತ್ತೊಬ್ಬನು ತೆಗೆದುಕೊಂಡಾಗ ಅಲ್ಲಿ ಒಂದು ಋಣವು ಹುಟ್ಟುತ್ತದೆ. ದೇವಋಣ, ಋಷಿಋಣ, ಪಿತೃಋಣಗಳೊಡನೆ ಶತಪಥ ಬ್ರಾಹ್ಮಣವು ನಾಲ್ಕನೆಯದಾಗಿ ಮನುಷ್ಯಋಣವನ್ನೂ ಎಣಿಸಿದೆ. ರಾತ್ರಿ ಎಚ್ಚರವಾಗಿದ್ದು ಲೋಕವನ್ನು ಕಾಯುವವರಿಗೆ ಲೋಕವು ಸಲ್ಲಿಸಬೇಕಾದ ಋಣವು ಈ ವರ್ಗದ್ದು. ಅದನ್ನು ತೀರಿಸುವ ಬಗೆಯೇನೂ ಗಹನವಾದುದಲ್ಲ. ಯಜಮಾನನಾದವನು ಪಾಳಿಗಳನ್ನು ಮನಬಂದಂತೆ ತಿರುಗಿಸದೆ, ನಡುವೆ ಸಾಕಷ್ಟು ವಿಶ್ರಾಂತಿಯನ್ನು ಕೊಡುವುದು. ಮನೆಯವರು ಹಗಲು ಮಲಗುವವರ ಕೋಣೆಗೆ ಕತ್ತಲೆಯನ್ನೂ ಮೌನವನ್ನೂ ಒದಗಿಸುವುದು. ನೆರೆಯವರು ನಾಲಿಗೆಯನ್ನು ಬಿಗಿಹಿಡಿಯುವುದು. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಪರರ ಮಕ್ಕಳನ್ನು ಕಾದು ಬಂದ ಸೊಸೆಯು ಹಗಲು ಹನ್ನೆರಡಕ್ಕೆ ಮಲಗಿರುವುದನ್ನು ಕಂಡು ‘ಇನ್ನೂ ಏಳಲಿಲ್ಲವೇ?’ ಎಂದು ಕೇಳುವ ಮಾತಿನಲ್ಲಿರುವ ಅನ್ಯಾಯವು ಸಣ್ಣದೆಂದು ತೋರಬಹುದು. ದಿನವೂ ಅದನ್ನು ಕೇಳುವವಳಿಗೆ ಅದು ಸಣ್ಣದಲ್ಲ.

ದೀಪವನ್ನು ತಾಯಿತದಂತೆ ನಂಬುವುದೂ ತಪ್ಪು. ಖಿನ್ನತೆಗಳೆಲ್ಲ ಬೆಳಕಿನ ಅಭಾವದಿಂದ ಹುಟ್ಟಿದವುಗಳಲ್ಲ. ಉನ್ಮಾದದ ಸ್ವಭಾವವುಳ್ಳವರಲ್ಲಿ ಪ್ರಖರವಾದ ಬೆಳಕು ಉನ್ಮಾದವನ್ನೇ ಕೆರಳಿಸಬಹುದು. ಕೆಲವರಿಗೆ ತಲೆನೋವು, ಕಣ್ಣುರಿಗಳು ಬರುವುದುಂಟು. ಅಕ್ಷಿಪಟದ ರೋಗವುಳ್ಳವರು ವೈದ್ಯನನ್ನು ಕೇಳದೆ ಅದಕ್ಕೆ ಕೈಹಾಕಬಾರದು. ಬದುಕೇ ಬೇಡವೆಂಬ ಯೋಚನೆ ಬಂದವನನ್ನು ದೀಪದ ಮುಂದೆ ಕೂಡಿಸಿ ಕಾಯುತ್ತ ಕುಳ್ಳಿರುವುದು ಅಪಾಯ. ಅವನನ್ನು ಒಂಟಿಯಾಗಿ ಬಿಡದೆ ಕೂಡಲೆ ವೈದ್ಯನ ಬಳಿಗೆ ಕರೆದೊಯ್ಯಬೇಕು. ಕೆನಡದ ಆ ಪರೀಕ್ಷೆಯಲ್ಲಿ ಹುಸಿಯಂತ್ರದ ಮುಂದೆ ಕುಳಿತು ಹುಸಿಗುಳಿಗೆಗಳನ್ನು ತಿಂದವರಲ್ಲಿಯೂ ನೂರಕ್ಕೆ ಮೂವತ್ತು ಮಂದಿ ಗುಣಹೊಂದಿದರೆಂಬುದನ್ನು ಇಲ್ಲಿ ನೆನೆಯಬೇಕು. ಕೆಲವರು ಕಾಲವೇ ಕಳೆದು ಗುಣವಾದರೋ, ಒಂದು ನಿಯಮವೂ ವಿಚಾರಿಸಿಕೊಳ್ಳುವ ಜನವೂ ದೊರೆತುದರಿಂದ ಗುಣವಾದರೋ, ಬಿಡಿಸಿ ಹೇಳುವುದು ಕಷ್ಟ. ಎಂತಾದರೂ, ಅವರನ್ನು ಗುಣಪಡಿಸಿದ್ದು ನಿಂದೆಯೆಂದು ಹೇಳುವಂತಿಲ್ಲ.

ಆದಕಾರಣ ಆಲಸ್ಯವೋ ವ್ಯಾಧಿಯೋ ಎಂಬ ಪ್ರಶ್ನೆಗೆ ಹೊಸ್ತಿಲಲ್ಲಿ ನಿಂತು ಉತ್ತರ ಹೇಳಲಾಗದು. ‘ಒಲ್ಲ’ ‘ಆರ’ಗಳನ್ನು ಬೇರ್ಪಡಿಸುವುದು ಒಳಗೆ ಹೋಗಿ, ಮಲಗಿದವನ ರಾತ್ರಿಯೂ ಅವನ ಕೋಣೆಯೂ ಅವನ ಕೆಲಸವೂ ಎಂತಹವೆಂದು ವಿಚಾರಿಸಿದವನಿಗೆ ಮಾತ್ರ ಸಾಧ್ಯ. ಹಾಗೆ ವಿಚಾರಿಸುವುದಕ್ಕೆ ಪುರಸೊತ್ತಿಲ್ಲದವನಿಗೆ ನಿಂದಿಸುವ ಅಧಿಕಾರವೂ ಇಲ್ಲ. ತನ್ನನ್ನು ತಾನೇ ಹಳಿದುಕೊಳ್ಳುತ್ತಿರುವವನಿಗೂ ಇದೇ ನ್ಯಾಯವು ಅನ್ವಯಿಸುತ್ತದೆ. ತನ್ನ ವಿಷಯದಲ್ಲಿಯೂ ಅವನು ಐದು ಕಾರಣಗಳನ್ನು ಎಣಿಸತಕ್ಕದ್ದು. ಏಳಲಾರದೆ ಮಲಗಿರುವವನ ಕೋಣೆಗೆ ಹೋಗುವವನು ಪೂರ್ವದ ಕಿಟಕಿಯನ್ನು ತೆರೆದು, ಹಾಸಿಗೆಯ ಅಂಚಿನಲ್ಲಿ ಕುಳಿತುಕೊಳ್ಳಲಿ. ಆಡತಕ್ಕ ಮಾತೇನಾದರೂ ಉಳಿದಿದ್ದರೆ, ಬೆಳಕು ಒಳಗೆ ಬಂದ ಮೇಲೆ ಆಡಬಹುದು.